ಬೀಗ ಹಾಕಿದ ಮನೆಯ ವೋಟು

ಗಾಂಧಿಬಜಾರಿನಲ್ಲಿ ಹುರಿದ ಕಡಲೆಕಾಯಿ ಬೀಜ ಕೊಂಡರೆ ನಾನು ಮೊದಲು ನೋಡುವುದು ಬೀಜವನ್ನಲ್ಲ, ಪೊಟ್ಟಣವನ್ನು. ಚಿಕ್ಕಂದಿನಿಂದ ಅಂಟಿದ ಚಟ ಇದು. ಪೊಟ್ಟಣದ ಕಾಗದದಲ್ಲಿ ಯಾರದೋ ಮಗುವಿನ ಲೆಕ್ಕದ ಪರೀಕ್ಷೆ ಇರಬಹುದು, ಯಾವುದೋ ಕಚೇರಿಯ ಸುತ್ತೋಲೆ ಇರಬಹುದು, ವಾರಪತ್ರಿಕೆಯ ಧಾರಾವಾಹಿಯ ಅರ್ಧ ಕಂತು ಇರಬಹುದು. ಹಾಗೆ ಅರ್ಧ ಕಂತು ಸಿಕ್ಕಿದ ಒಂದು ಸಂಜೆ, ಉಳಿದರ್ಧ ಸಿಕ್ಕೀತೆಂದು ಅದೇ ಗಾಡಿಗೆ ವಾಪಸ್ಸು ಹೋಗಿ ಇನ್ನೊಂದು ಪೊಟ್ಟಣ ಕೊಂಡವಳು ನಾನು. ಅದರಲ್ಲಿ ಯಾವುದೋ ಸಹಕಾರ ಸಂಘದ ವಾರ್ಷಿಕ ವರದಿ ಇತ್ತು. ಬಿಡಲಿಲ್ಲ, ಅದನ್ನೂ ಓದಿದೆ.

ಮೊನ್ನೆ ಬಿಚ್ಚಿದ ಪೊಟ್ಟಣದಲ್ಲಿ ಹಳೆಯ ಮತದಾರರ ಪಟ್ಟಿಯ ಒಂದು ಹಾಳೆ ಇತ್ತು. ಉಪ್ಪು ಕಾರ ಮೆತ್ತಿಕೊಂಡಿದ್ದರೂ ಅಕ್ಷರ ಅಳಿಸಿರಲಿಲ್ಲ. ಕ್ರಮಸಂಖ್ಯೆ, ಮನೆ ನಂಬರು, ಹೆಸರು, ತಂದೆಯ ಅಥವಾ ಗಂಡನ ಹೆಸರು, ಗಂಡೋ ಹೆಣ್ಣೋ, ವಯಸ್ಸು. ಇಷ್ಟೇ. ಆದರೆ ಓದಲು ಗೊತ್ತಿದ್ದವರಿಗೆ ಇದಕ್ಕಿಂತ ಸ್ವಾರಸ್ಯದ ಓದು ಇನ್ನೊಂದಿಲ್ಲ. ಒಂದೇ ಮನೆ ನಂಬರಿನಲ್ಲಿ ಹನ್ನೊಂದು ಜನ ಇದ್ದರೆ ಅಲ್ಲಿ ಬೆಳಗಿನ ಹೊತ್ತು ಬಚ್ಚಲುಮನೆಗೆ ಎಂಥ ಸರದಿ ಇದ್ದೀತು ಎಂದು ಯೋಚಿಸಬಹುದು. ಹೆಂಡತಿಯ ವಯಸ್ಸು ಗಂಡನಿಗಿಂತ ನಾಲ್ಕು ವರ್ಷ ಹೆಚ್ಚಿದ್ದರೆ, ಅದು ಪ್ರೇಮವಿವಾಹವೋ ಗುಮಾಸ್ತರ ಕೈತಪ್ಪೋ ಎಂದು ತಲೆ ಕೆಡಿಸಿಕೊಳ್ಳಬಹುದು. ನಮ್ಮ ರಸ್ತೆಯ ಒಬ್ಬ ಮಹಾತಾಯಿಯಂತೂ ಮೂರು ಚುನಾವಣೆ ಕಳೆದರೂ ಮೂವತ್ತೊಂಬತ್ತು ದಾಟಲಿಲ್ಲ. ಕೊನೆಗೆ ಪಟ್ಟಿಯ ಪ್ರಕಾರ ಅವರಿಗೂ ಅವರ ಮಗನಿಗೂ ಹದಿನೈದೇ ವರ್ಷದ ಅಂತರ ಉಳಿದಿತ್ತು.

ಈ ಕುತೂಹಲ ಬಂದದ್ದು ನಮ್ಮಜ್ಜಿಯಿಂದ ಇರಬೇಕು. ಅಜ್ಜಿ ಯಾರಿಗೆ ವೋಟು ಹಾಕುತ್ತಿದ್ದಳು ಎಂಬುದು ಚಾಮರಾಜಪೇಟೆಯ ನಮ್ಮ ಮನೆಯ ದೊಡ್ಡ ರಹಸ್ಯ. ತಾತ ಊಟಕ್ಕೆ ಕೂತಾಗ ಮೆಲ್ಲಗೆ, "ಈ ಸಲ ಯಾರಿಗೆ ಹಾಕಿದ್ಯೇ?" ಎಂದರೆ, ಅಜ್ಜಿ ಇನ್ನೊಂದು ಸೌಟು ಸಾರು ಬಡಿಸಿ, "ಸಾರಿಗೆ ಉಪ್ಪು ಸಾಕಾ?" ಎನ್ನುತ್ತಿದ್ದಳು. ನನಗೆ ಆರೋ ಏಳೋ ವರ್ಷವಿದ್ದಾಗ ಈ ರಹಸ್ಯ ಭೇದಿಸಲು ಅಜ್ಜಿಯ ಜೊತೆ ಮತಗಟ್ಟೆಗೆ ಹೋಗಿ, ರಟ್ಟಿನ ಮರೆಯ ಕೆಳಗಿನಿಂದ ತೂರಿ ತಲೆ ಎತ್ತಿದೆ. ಅಲ್ಲಿದ್ದ ಅಧಿಕಾರಿ ಕಿವಿ ಹಿಡಿದು ಎಳೆದುಹಾಕಿದರು. ನನಗೆ ಕಂಡದ್ದು ಅಜ್ಜಿಯ ಸೀರೆಯ ನೆರಿಗೆ ಮಾತ್ರ. ಆಗ ಕಿವಿ ಹಿಡಿಸಿಕೊಂಡವಳು ಮುಂದೆ ಅದೇ ಕೆಲಸಕ್ಕೆ ಕೂರುತ್ತೇನೆಂದು ಯಾರಿಗೆ ಗೊತ್ತಿತ್ತು?

ನಾನು ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾದೆ. ಟೀಚರಾದ ಮೇಲೆ ಜನಗಣತಿ, ಪಲ್ಸ್ ಪೋಲಿಯೋ, ಚುನಾವಣೆ ಎಲ್ಲಕ್ಕೂ ನಾವೇ. ಪಟ್ಟಿ ಪರಿಷ್ಕರಣೆಯ ಆದೇಶ ಬಂದ ದಿನ ಸ್ಟಾಫ್‌ರೂಮಿನಲ್ಲಿ ಎಲ್ಲರ ಜೊತೆ ನಾನೂ ಗೊಣಗುತ್ತಿದ್ದೆ. ಒಳಗೊಳಗೆ ಮಾತ್ರ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಪರೀಕ್ಷೆಯ ರಟ್ಟಿಗೆ ಫಾರಮ್ಮು ಸಿಕ್ಕಿಸಿಕೊಂಡು ಹೊರಟರೆ ಯಾವ ಮನೆಯ ಗೇಟನ್ನಾದರೂ ತೆಗೆಯಬಹುದು. "ಮನೇಲಿ ಎಷ್ಟು ಜನ ಇದೀರಿ?" ಎಂದು ಯಾರನ್ನಾದರೂ ಕೇಳಬಹುದು. ಚಿಕ್ಕಂದಿನಿಂದ ಹೊರಗಿನಿಂದಲೇ ನೋಡಿದ್ದ ಎಷ್ಟೋ ಮನೆಗಳ ಒಳಗೆ ಏನಿದೆಯೆಂದು ನಾನು ನೋಡಿದ್ದು ಸರ್ಕಾರದ ಈ ಅನುಗ್ರಹದಿಂದಲೇ.

ಹೀಗೆ ತಿರುಗುವಾಗ ನನಗೆ ಹತ್ತಿಕೊಂಡ ಇನ್ನೊಂದು ಕುತೂಹಲವೆಂದರೆ, ನಮ್ಮ ಹಳೇ ಬಡಾವಣೆಗಳಲ್ಲಿ ವೋಟು ಹಾಕುವವರು ಯಾರು, ಹಾಕದವರು ಯಾರು ಎಂಬುದು. ಬೆಳಗ್ಗೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ದೆಹಲಿ ಸರ್ಕಾರವನ್ನೇ ಕೆಡವಿ ಕಟ್ಟುತ್ತಿದ್ದ ನಿವೃತ್ತರಲ್ಲಿ ಅರ್ಧ ಜನ ಮತದಾನದ ದಿನ ಹೊರಗೆ ಬರುತ್ತಿರಲಿಲ್ಲ. ಒಬ್ಬರಿಗೆ ಬಿಸಿಲು, ಒಬ್ಬರಿಗೆ ಮಂಡಿ, ಇನ್ನೊಬ್ಬರಿಗೆ ಯಾರೂ ಯೋಗ್ಯರಲ್ಲ. ನಮ್ಮ ಯಜಮಾನರದು ಬೇರೆಯೇ ಪಂಥ. ಮೂರು ಪೇಪರು ಓದುವ ಮನುಷ್ಯ, ಮತಗಟ್ಟೆಯ ಬಾಗಿಲವರೆಗೂ ಹೋಗಿ, "ಕ್ಯೂ ಕರಗಲಿ, ಊಟ ಮಾಡ್ಕೊಂಡು ಬರ್ತೀನಿ" ಎಂದು ವಾಪಸ್ಸಾಗುತ್ತಿದ್ದರು. ಊಟವಾದ ಮೇಲೆ ನಿದ್ದೆ. ಎದ್ದಾಗ ಕ್ಯೂ ನಿಜವಾಗಿಯೂ ಕರಗಿರುತ್ತಿತ್ತು, ಏಕೆಂದರೆ ಮತಗಟ್ಟೆಯೇ ಮುಚ್ಚಿರುತ್ತಿತ್ತು.

ಇದನ್ನು ಹೇಳಿ ನಗುವ ಯೋಗ್ಯತೆ ನನಗೂ ಇಲ್ಲ. ಸತತ ಮೂರು ಚುನಾವಣೆಗಳಲ್ಲಿ ಎಲ್ಲರ ಬೆರಳಿಗೆ ಶಾಯಿ ಹಚ್ಚಿದ ನಾನು ಒಂದರಲ್ಲೂ ವೋಟು ಹಾಕಲಿಲ್ಲ. ಡ್ಯೂಟಿಯಲ್ಲಿದ್ದವರು ಅಂಚೆಯಲ್ಲಿ ಮತ ಕಳಿಸಬಹುದು, ಅದಕ್ಕೊಂದು ಅರ್ಜಿ ಕೊಡಬೇಕು. ಆ ಅರ್ಜಿ ನನ್ನ ಬ್ಯಾಗಿನಲ್ಲಿ ಮಡಿಸಿದಂತೆಯೇ ಇರುತ್ತಿತ್ತು. ಅಡುಗೆಭಟ್ಟ ಉಪವಾಸ ಬಿದ್ದ ಹಾಗೆ.

ಒಂದೇ ಒಂದು ವೋಟನ್ನೂ ತಪ್ಪಿಸದವರು ನಾನು ಕಂಡಂತೆ ಸಿದ್ದಮ್ಮನವರು. ಸಿದ್ದಮ್ಮನವರ ಕಸುಬು ಬಾಣಂತನ ಮಾಡುವುದು. ಕುಣಿಗಲ್ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವರು. ಗಂಡ ಕಾಟನ್‌ಪೇಟೆಯಲ್ಲಿ ಮೂಟೆ ಹೊರುತ್ತಿದ್ದವನು ಬೇಗ ತೀರಿಕೊಂಡ, ಮಕ್ಕಳಿರಲಿಲ್ಲ. ಹೆರಿಗೆಯಾದ ಮನೆಗೆ ಬಂದರೆ ಮೂರು ತಿಂಗಳು ಅಲ್ಲೇ ಇದ್ದು, ತಾಯಿಗೆ ಎಣ್ಣೆ ನೀರು, ಮಗುವಿಗೆ ಸಾಂಬ್ರಾಣಿ ಹೊಗೆ, ಬಾಣಂತಿ ಖಾರ, ಎಲ್ಲ ಮಾಡಿ ಮುಗಿಸಿ ಇನ್ನೊಂದು ಮನೆಗೆ ಹೋಗುವರು. ಬಸವನಗುಡಿಯಿಂದ ಮಲ್ಲೇಶ್ವರದವರೆಗೆ ಅವರ ಕಾಲಮೇಲೆ ಮಲಗಿ ನೀರು ಹಾಕಿಸಿಕೊಂಡ ಮಕ್ಕಳು ಅದೆಷ್ಟೋ. ನನ್ನ ಮಗಳೂ ಒಬ್ಬಳು.

ಅವರಿಗೂ ಒಂದು ಸ್ವಂತ ಮನೆಯಿತ್ತು. ಸ್ವಂತದ್ದೆಂದರೆ ಬಾಡಿಗೆಯದೇ, ಗಂಡ ಹೋದ ಮೇಲೆ ಹಿಡಿದದ್ದು. ನಮ್ಮ ಪಕ್ಕದ ಕ್ರಾಸಿನ ವಠಾರದಲ್ಲಿ ನಾಲ್ಕನೆಯ ಬಾಗಿಲು, ಒಂದು ಕೋಣೆ. ವರ್ಷದಲ್ಲಿ ಬಹುಪಾಲು ಅದಕ್ಕೆ ಬೀಗ. ನನ್ನ ಬಾಣಂತನದ ನಡುವೆ ಒಂದು ಚುನಾವಣೆ ಬಂತು. ಸಿದ್ದಮ್ಮ ಹಿಂದಿನ ಸಂಜೆಯೇ ಸೆರಗು ಸಿಕ್ಕಿಸಿ ಹೊರಟು ನಿಂತರು. "ಮತಗಟ್ಟೆ ಇಲ್ಲೇ ಪಕ್ಕದಲ್ಲೇ ಇದೆಯಲ್ಲ, ಬೆಳಗ್ಗೆ ಇಲ್ಲಿಂದ್ಲೇ ಹೋಗಿ ಬನ್ನಿ" ಎಂದು ನಮ್ಮಮ್ಮ ಹೇಳಿದರೂ ಕೇಳಲಿಲ್ಲ.

"ಇಲ್ಲ ಕಣಮ್ಮ. ವೋಟಿಗೆ ಮಾತ್ರ ನಮ್ಮನೆಯಿಂದಾನೇ ಹೋಗ್ಬೇಕು" ಎಂದರು.

ರಾತ್ರಿ ತಮ್ಮ ಕೋಣೆಯಲ್ಲಿ ಮಲಗಿ, ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು, ಏಳಕ್ಕೆ ಮತಗಟ್ಟೆಯಲ್ಲಿ ಮೊದಲನೆಯವರಾಗಿ ನಿಂತು, ಒಂಬತ್ತಕ್ಕೆ ನಮ್ಮ ಮನೆಗೆ ಬಂದು ಮಗುವಿಗೆ ನೀರು ಹಾಕಿದರು. ಆಗ ನನಗೆ ಅದು ಒಂದು ಹಠದಂತೆ ಕಂಡಿತು. ಆಮೇಲೆ ಯೋಚಿಸಿದಾಗ ತಿಳಿಯಿತು. ಬಾಕಿ ದಿನವೆಲ್ಲ ಅವರು ಇಂಥವರ ಮನೆಯ ಬಾಣಂತನದ ಸಿದ್ದಮ್ಮ. ಆ ಒಂದು ದಿನ ಮಾತ್ರ ಇಂಥ ನಂಬರಿನ ಮನೆಯ ಸಿದ್ದಮ್ಮ.

ಇನ್ನು ನನ್ನ ಘನಕಾರ್ಯ. ತೊಂಬತ್ತರ ದಶಕದ ಕೊನೆಗೆ ಒಮ್ಮೆ ಪಟ್ಟಿ ಪರಿಷ್ಕರಣೆಯಲ್ಲಿ ನಮ್ಮದೇ ಬೀದಿಗಳು ನನ್ನ ಪಾಲಿಗೆ ಬಂದವು. ಮನೆಮನೆಗೂ ಹೋಗಬೇಕೆಂದು ನಿಯಮ. ಆದರೆ ಶಾಲೆ ಮುಗಿಸಿ, ಕಾಲು ಎಳೆದುಕೊಂಡು ತಿರುಗುವ ನಮ್ಮಂಥವರು ಕಂಡುಕೊಂಡ ಇನ್ನೊಂದು ದಾರಿಯಿತ್ತು. ಪ್ರತಿ ರಸ್ತೆಯಲ್ಲೂ ಎಲ್ಲರ ವಿಷಯ ಗೊತ್ತಿರುವ ಒಬ್ಬರು ಇದ್ದೇ ಇರುತ್ತಾರೆ. ಅವರ ಜಗಲಿಯ ಮೇಲೆ ಕೂತು ಒಂದು ಲೋಟ ಕಾಫಿ ಕುಡಿದರೆ ಇಡೀ ರಸ್ತೆಯ ಪಟ್ಟಿ ಮುಗಿದಂತೆ. ಆ ವಠಾರಕ್ಕೆ ಅಂಥವರು ಮಾಲೀಕರ ಹೆಂಡತಿ ಸರೋಜಮ್ಮ. ನನ್ನಂಥ ಕುತೂಹಲಿಗೆ ಸರೋಜಮ್ಮ ಸಿಕ್ಕಿದ್ದು ಹಬ್ಬವೇ. ಮೂರನೇ ಬಾಗಿಲಿನವರ ಮಗಳ ಮದುವೆ ಏಕೆ ಮುರಿಯಿತು ಎಂಬ ಕಥೆಯಲ್ಲಿ ನಾನು ಮುಳುಗಿಹೋಗಿದ್ದೆ. ಅದರ ನಡುವೆಯೇ ಕೇಳಿದೆ:

"ನಾಲ್ಕನೇ ಬಾಗಿಲು? ಸಿದ್ದಮ್ಮನೋರು?"

"ಅವರೆಲ್ಲಿ ಇರ್ತಾರೆ ಮೇಡಂ? ಮಲ್ಲೇಶ್ವರಕ್ಕೆ ಹೋಗಿ ಐದು ತಿಂಗಳಾಯ್ತು. ಸಂಪಿಗೆ ರಸ್ತೆ ಹತ್ರ ಯಾರೋ ದೊಡ್ಡೋರ ಮನೆ. ಅವಳಿ ಮಕ್ಕಳಂತೆ. ಅಲ್ಲೇ ಇದ್ದುಬಿಡ್ತಾರೋ ಏನೋ."

ಕೂತಲ್ಲಿಂದಲೇ ಕತ್ತು ಹೊರಳಿಸಿ ನೋಡಿದೆ. ನಾಲ್ಕನೇ ಬಾಗಿಲಿಗೆ ಬೀಗ ಇತ್ತು. ಎದ್ದು ಹತ್ತು ಹೆಜ್ಜೆ ಹೋಗಲಿಲ್ಲ. ನನ್ನ ಕೈಯಾರೆ 'ವಾಸವಿಲ್ಲ' ಎಂದು ಬರೆದು, "ಆಮೇಲೆ ಹುಡುಗನ ಕಡೆಯವರು ಏನಂದ್ರು?" ಎಂದು ಕೇಳಿದೆ. ಕರಡು ಪಟ್ಟಿಯನ್ನು ಮುಂದೆ ವಾರ್ಡ್ ಆಫೀಸಿನಲ್ಲಿ ತೂಗುಹಾಕಿದರು. ಅದನ್ನು ಹೋಗಿ ಓದುವವರು ಬೆಂಗಳೂರಿನಲ್ಲಿ ನನ್ನೊಬ್ಬಳನ್ನು ಬಿಟ್ಟರೆ ಯಾರೂ ಇರಲಿಲ್ಲವೆಂದು ಕಾಣುತ್ತದೆ. ನನಗೂ ಆ ಸಲ ಪುರುಸೊತ್ತಾಗಲಿಲ್ಲ.

ಮರುವರ್ಷ ಚುನಾವಣೆ ಬಂತು. ಕಾಲು ಉಳುಕಿದ್ದರಿಂದ ನನಗೆ ಡ್ಯೂಟಿ ತಪ್ಪಿತ್ತು. ಈ ಸಲವಾದರೂ ವೋಟು ಹಾಕೋಣವೆಂದು ಬ್ಯಾಂಡೇಜು ಸುತ್ತಿಕೊಂಡು ಬೆಳಗ್ಗೆ ಏಳಕ್ಕೇ ಕುಂಟುತ್ತಾ ಹೋದೆ. ಸಾಲಿನ ತಲೆಯಲ್ಲಿ ಸಿದ್ದಮ್ಮ ಇರಲಿಲ್ಲ. ಅವರು ಗೇಟಿನಾಚೆ, ಪಕ್ಷದವರು ಚೀಟಿ ಬರೆದುಕೊಡುವ ಮೇಜಿನ ಮುಂದೆ ನಿಂತಿದ್ದರು. ಕೈಯಲ್ಲಿ ಫೋಟೋ ಇರುವ ಗುರುತಿನ ಚೀಟಿ.

"ಅಜ್ಜಿ, ಎಷ್ಟು ಸಲ ಹೇಳ್ಲಿ? ಕಾರ್ಡ್ ಇದ್ರೆ ಆಗಲ್ಲ, ಲಿಸ್ಟಲ್ಲಿ ಹೆಸ್ರಿರ್ಬೇಕು" ಎನ್ನುತ್ತಿದ್ದ ಚೀಟಿ ಬರೆಯುವವನು.

"ಈ ಕಾರ್ಡಲ್ಲಿರೋಳು ನಾನಲ್ವೇನಪ್ಪ?"

"ನೀವೇ ಕಣಜ್ಜಿ. ಆದ್ರೆ ಲಿಸ್ಟಲ್ಲಿ ನೀವಿಲ್ಲ."

ಅಷ್ಟರಲ್ಲಿ ಅವರು ನನ್ನನ್ನು ಕಂಡರು. ಮುಖದಲ್ಲಿ ಜೀವ ಬಂತು. "ಟೀಚರಮ್ಮ, ನೀವು ಓದಿದೋರು. ಇವ್ರಿಗೆ ಸರಿಯಾಗಿ ಕಾಣ್ತಿಲ್ಲ. ನೀವೊಂಚೂರು ನೋಡಿ" ಎಂದು ಪಟ್ಟಿಯನ್ನು ನನ್ನ ಕೈಗೇ ಕೊಡಿಸಿದರು. ನೋಡಿದೆ. ವಠಾರದ ಒಂದನೇ ಬಾಗಿಲಿತ್ತು, ಎರಡು, ಮೂರು ಇತ್ತು. ಆಮೇಲೆ ಐದು. ಆ ಜಗಲಿ, ಆ ಕಾಫಿ, ಆ ಬೀಗ ಎಲ್ಲ ಒಂದೇ ಸಲಕ್ಕೆ ನೆನಪಾದವು. ಸಾಲಿನಲ್ಲಿ ನಿಂತಿದ್ದ ಸರೋಜಮ್ಮ, "ಯಾವನೋ ತಲೆಕೆಟ್ಟ ಮೇಷ್ಟ್ರು ಮಾಡಿರೋ ಕೆಲ್ಸ ಮೇಡಂ. ಮನೆಗೆ ಬಂದು ಕೇಳೋಕೇನು ರೋಗ ಇವ್ರಿಗೆ?" ಎಂದು ಜೋರಾಗಿ ಬೈದರು. ಅವರಿಗೆ ಏನೂ ನೆನಪಿರಲಿಲ್ಲ. ನಾನು, "ಇಲ್ಲ ಸಿದ್ದಮ್ಮನೋರೆ, ಹೆಸರಿಲ್ಲ" ಎಂದಷ್ಟೇ ಹೇಳಿದೆ. ಹೇಡಿಯಂತೆ ಒಳಗೆ ಹೋಗಿ ನನ್ನ ವೋಟು ಹಾಕಿ ಬಂದೆ. ಆಚೆ ಬರುವಷ್ಟರಲ್ಲಿ ಅವರು ಹೊರಟುಹೋಗಿದ್ದರು.

ಮಧ್ಯಾಹ್ನ ಕುಂಟಿಕೊಂಡು ವಠಾರಕ್ಕೆ ಹೋದೆ. ನಾಲ್ಕನೇ ಬಾಗಿಲ ಮುಂದೆ ರಂಗೋಲಿ ಇತ್ತು. ಹೊಸಿಲ ಮೇಲೆ ಕೂತು ಸಿದ್ದಮ್ಮ ಬಟ್ಟೆಯ ಗಂಟು ಕಟ್ಟುತ್ತಿದ್ದರು. ನಿಂತಲ್ಲೇ ಹೇಳಿಬಿಟ್ಟೆ. "ಅದನ್ನ ಬರೆದಿದ್ದು ನಾನೇ. ಸರೋಜಮ್ಮನೋರನ್ನ ಕೇಳಿ ಬರ್ಕೊಂಡೆ. ಬಾಗಿಲಿಗೆ ಬೀಗ ಹಾಕಿತ್ತು, ಅದಕ್ಕೇ..."

ಅವರು ಗಂಟು ಕಟ್ಟುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಬೈಯಲಿಲ್ಲ. ನಿಜವಾಗಿಯೂ ಅರ್ಥವಾಗದವರಂತೆ ಕೇಳಿದರು.

"ಬಿಟ್ಟುಹೋದ ಮನೆಗೆ ಯಾರಾದ್ರೂ ಬೀಗ ಹಾಕ್ತಾರಾ ಟೀಚರಮ್ಮ? ವಾಪಸ್ ಬರೋರು ತಾನೇ ಬೀಗ ಹಾಕೋದು?"

ನಾನು ವಿಜ್ಞಾನದ ಟೀಚರು. ಕಣ್ಣಿಗೆ ಕಂಡದ್ದರಿಂದ ಸರಿಯಾದ ತೀರ್ಮಾನಕ್ಕೆ ಬರುವುದು ಹೇಗೆಂದು ವರ್ಷವಿಡೀ ಮಕ್ಕಳಿಗೆ ಹೇಳಿಕೊಡುವವಳು. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಇನ್ನೆಂದೂ ಆಗಿಲ್ಲ.

ಹೆಸರು ಮತ್ತೆ ಸೇರಿಸಲು ಅರ್ಜಿ ನಾನೇ ತಂದು ತುಂಬಿದೆ. ಸಿದ್ದಮ್ಮ ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ರುಜು ಹಾಕಿದರು. "ಇಷ್ಟಕ್ಕೇ ಮುಗಿಯಲ್ಲ. ಒಬ್ಬರು ಬಂದು ನೀವು ಇಲ್ಲೇ ಇದೀರಾ ಅಂತ ನೋಡ್ಕೊಂಡು ಹೋಗ್ತಾರೆ. ಆಗ ನೀವು ಮನೇಲಿರ್ಬೇಕು" ಎಂದೆ.

"ಯಾವತ್ತು ಬರ್ತಾರೆ?"

"ಅದು ಹೇಳಕ್ಕಾಗಲ್ಲ."

ಆ ಸಲ ನಮ್ಮ ಬೀದಿಗಳು ಡ್ರಾಯಿಂಗ್ ಮೇಷ್ಟ್ರು ಪುಟ್ಟಸ್ವಾಮಿಯವರ ಪಾಲಿಗೆ ಬಂದಿದ್ದವು. ಅರ್ಜಿಯನ್ನು ಅವರ ಕೈಗೆ ಕೊಟ್ಟು, ಬೇಗ ಹೋಗಿ ಬನ್ನಿ ಎಂದು ಎರಡು ಸಲ ಹೇಳಿದೆ. ಆಮೇಲೆ ಪರೀಕ್ಷೆ, ಪೇಪರು ತಿದ್ದುವುದು, ಮಗಳ ಜ್ವರ. ಎರಡು ವಾರ ಕಳೆದು ನೆನಪಾಗಿ ಕೇಳಿದರೆ ಪುಟ್ಟಸ್ವಾಮಿ ನಕ್ಕರು.

"ಅವತ್ತೇ ಮುಗಿಸಿದ್ನಲ್ಲ ಮೇಡಂ. ನೀವು ಹೇಳಿದ್ಮೇಲೆ ನೋಡೋದೇನಿದೆ? ಪರಿಶೀಲಿಸಲಾಗಿದೆ ಅಂತ ಬರೆದು ಕಳಿಸ್ಬಿಟ್ಟೆ. ಹೆಸರು ಸೇರಿದೆ."

ಸಂತೋಷದಿಂದ ಅವತ್ತು ಸಂಜೆಯೇ ವಠಾರಕ್ಕೆ ಹೋದೆ. ಜಗಲಿಯಲ್ಲಿದ್ದ ಸರೋಜಮ್ಮ ನನ್ನನ್ನು ಕಂಡು ದನಿ ತಗ್ಗಿಸಿದರು. "ನೀವಾದ್ರೂ ಹೇಳಿ ಮೇಡಂ. ಹದಿನೇಳು ದಿನದಿಂದ ಬಾಗಿಲು ತೆಕ್ಕೊಂಡು ಕೂತಿದಾರೆ. ಹಾಲಿಗೂ ಆಚೆ ಹೋಗಲ್ಲ, ನಾನೇ ತಂದ್ಕೊಡ್ತೀನಿ. ಬಸವನಗುಡಿಯಿಂದ ಬಾಣಂತನಕ್ಕೆ ಅಂತ ಕಾರ್ ತಂದು ಕರೆದ್ರು. ಸರ್ಕಾರದೋರು ಬರ್ತಾರೆ ಅಂತ ಹೋಗ್ಲೇ ಇಲ್ಲ."

ಆ ಕೋಣೆಯ ಒಳಗನ್ನು ನಾನು ನೋಡಿದ್ದು ಅದೇ ಮೊದಲು. ಅಷ್ಟು ಮನೆ ನೋಡಿದವಳು ಇದೊಂದನ್ನು ನೋಡಿರಲಿಲ್ಲ. ಸುತ್ತಿಟ್ಟ ಚಾಪೆ, ಒಂದು ತಗಡಿನ ಟ್ರಂಕು, ಹೊಸ ಬತ್ತಿ ಹಾಕಿದ ಸೀಮೆಎಣ್ಣೆ ಸ್ಟೌ. ಗೋಡೆಯ ಮೊಳೆಗೆ ದಾರದಲ್ಲಿ ನೇತುಹಾಕಿದ ಗುರುತಿನ ಚೀಟಿ. ನಡುವೆ, ಬಾಗಿಲಿಗೆ ಎದುರಾಗಿ, ಸರೋಜಮ್ಮನವರಿಂದ ಕೇಳಿ ತಂದ ಒಂದು ಪ್ಲಾಸ್ಟಿಕ್ ಕುರ್ಚಿ. ಬರುವ ಅಧಿಕಾರಿಗೆಂದು ಹಾಕಿದ್ದು. ಸಿದ್ದಮ್ಮ ಮಾತ್ರ ನೆಲದ ಮೇಲೆ ಕೂತಿದ್ದರು.

"ಆಗೋಯ್ತು ಸಿದ್ದಮ್ಮನೋರೆ! ಹೆಸರು ಸೇರ್ತು" ಎಂದೆ.

"ಯಾರೂ ಬರ್ಲೇ ಇಲ್ವಲ್ಲ?"

"ಬರೋದೇ ಬೇಕಾಗ್ಲಿಲ್ಲ. ನಾನು ಹೇಳಿದ್ದೆ, ಸಾಕಾಯ್ತು."

ಅವರು ಖುಷಿಪಡುತ್ತಾರೆಂದು ಕಾದೆ. ಅವರು ಕುರ್ಚಿಯನ್ನು ನೋಡಿದರು, ಬಾಗಿಲನ್ನು ನೋಡಿದರು.

"ನೋಡ್ದೇನೇ ತೆಗೆದ್ರಿ. ಈಗ ನೋಡ್ದೇನೇ ಸೇರಿಸಿದ್ರಿ" ಎಂದರು. ದನಿಯಲ್ಲಿ ಕೋಪಕ್ಕಿಂತ ಆಯಾಸ ಹೆಚ್ಚಿತ್ತು. "ನಾಳೆ ಇನ್ನೊಬ್ರು ಬಂದು ನೋಡ್ದೇನೇ ತೆಗೀತಾರೆ. ಈ ಮನೆಗೆ ಬಂದಾಗಿನಿಂದ ಇಷ್ಟು ದಿವ್ಸ ಒಟ್ಟಿಗೆ ನಾನಿಲ್ಲಿ ಇದ್ದಿದ್ದು ಇದೇ ಮೊದ್ಲು ಟೀಚರಮ್ಮ. ಒಬ್ರು, ಒಂದೇ ಒಂದ್ಸಲ ಬಾಗಿಲು ತಟ್ಟಿ ನೋಡ್ಬಾರ್ದಾ?"

ನನಗೆ ಏನು ತೋಚಿತೋ ತಿಳಿಯದು. ಹೊರಗೆ ಬಂದು ಬಾಗಿಲನ್ನು ಎಳೆದುಕೊಂಡೆ. ಬ್ಯಾಗಿನಲ್ಲಿದ್ದ ಒಂದು ನೋಟ್‌ಬುಕ್ಕು, ಪೆನ್ನು ತೆಗೆದೆ. ಬಾಗಿಲು ತಟ್ಟಿದೆ. ವಠಾರದ ಉಳಿದ ಬಾಗಿಲುಗಳಲ್ಲಿ ತಲೆಗಳು ಕಾಣಿಸಿಕೊಂಡವು. ಒಳಗಿನಿಂದ ಸಿದ್ದಮ್ಮನವರ ದನಿ ಬಂತು.

"ಯಾರು?"

"ಮತದಾರರ ಪಟ್ಟಿಯವರು. ಮನೇಲಿ ಯಾರಿದೀರಿ?"

ಬಾಗಿಲು ತೆರೆಯಿತು. ಸಿದ್ದಮ್ಮ ಸೆರಗನ್ನು ಭುಜದ ತುಂಬ ಹೊದ್ದು, ಕೂದಲು ನೇವರಿಸಿಕೊಂಡು ನಿಂತಿದ್ದರು.

"ನಾನಿದೀನಿ. ಒಳಗೆ ಬನ್ನಿ, ಕೂತ್ಕೊಂಡು ಬರ್ಕೊಳ್ಳಿ."

ಆ ಕುರ್ಚಿಯ ಮೇಲೆ ಕೂತು ಮೊದಲಿನಿಂದ ಕೇಳಿದೆ. ಮನೆ ನಂಬರು, ಹೆಸರು, ಗಂಡನ ಹೆಸರು, ವಯಸ್ಸು. ಎಲ್ಲವೂ ನನಗೆ ಗೊತ್ತಿದ್ದದ್ದೇ. ಒಂದೊಂದಕ್ಕೂ ಅವರು ನಿಧಾನವಾಗಿ, ಸ್ಪಷ್ಟವಾಗಿ ಉತ್ತರ ಹೇಳಿದರು.

"ಈ ಮನೇಲಿ ಎಷ್ಟು ವರ್ಷದಿಂದ ವಾಸ ಇದೀರಿ?"

"ಇಪ್ಪತ್ತೆರಡು ವರ್ಷ" ಎಂದರು. ನಾನು ಬರೆಯುವುದನ್ನೇ ಬಗ್ಗಿ ನೋಡಿ, "ಬೀಗ ಹಾಕಿದ್ದಿದ್ದೂ ಸೇರಿಸಿ. ಹಂಗೇ ಬರ್ಕೊಳ್ಳಿ" ಎಂದರು.